ಪಟ್ಟಿಯಲ್ಲಿ ಆರು ಹೆಸರು

ಆವಿ, ಮತ್ತೆ ಆವಿ, ಬೇಯಿಸುವ ಕೋಣೆಯ ಬಾಗಿಲು ತೆರೆದಾಗಲೆಲ್ಲ ನುಗ್ಗಿ ಬರುವ ಈ ಬಿಸಿ ಉಪ್ಪುವಾಸನೆ ಮೂಗಿನಲ್ಲಿ ನಿಲ್ಲುವುದಿಲ್ಲ, ನಾಲಿಗೆಯ ಬುಡಕ್ಕೆ ಬಂದು ಕೂರುತ್ತದೆ, ಬಾಯಿಂದ ಉಸಿರಾಡು ಇದಾಲಿಯಾ, ಬಾಯಿಂದ, ಏಡಿಯನ್ನು ನೋಡಬೇಡ, ಚಾಕುವನ್ನು ಮಾತ್ರ ನೋಡು — ಬೆನ್ನಿನ ಚಿಪ್ಪು ಕೀಳು, ಕಾಲು ಮುರಿ, ಬೂದುಬಣ್ಣದ ಕಿವಿರು ಕೆರೆದು ಎಸೆ, ಹಿಂಗಾಲಿನ ಬುಡದಲ್ಲಿ ಚಾಕು ಇಟ್ಟು ಒಂದು ತಿರುವು, ಬಿಳಿಯ ಮಾಂಸದ ಉಂಡೆ ಒಡೆಯದೆ ಹೊರಗೆ ಬರಬೇಕು, ಬರಲಿಲ್ಲ, ಮತ್ತೆ ನೂಲುನೂಲಾಗಿ ಹರಿದುಹೋಯಿತು, ಎದುರಿಗೆ ಕೂತ ಅತ್ತೆ ಕ್ರಿಸ್ಪೀನಾಳ ಕೈಯಲ್ಲಿ ಅದು ಮೊಗ್ಗಿನ ಹಾಗೆ ಇಡಿಯಾಗಿ ಬಂದು ಡಬ್ಬಿಗೆ ಬೀಳುತ್ತದೆ, ನೋಡದೆಯೇ, ಮಾತಾಡುತ್ತಲೇ, ಹತ್ತೊಂಬತ್ತು ವರ್ಷದಿಂದ ಪ್ರತಿ ಏಪ್ರಿಲ್‌ನಲ್ಲಿ ಸಾನ್ ಲೂಯಿಸ್ ಕಡೆಯ ಊರಿನಿಂದ ಬಸ್ಸು ಹತ್ತಿ, ಗಡಿ ದಾಟಿ, ಮೇರಿಲ್ಯಾಂಡಿನ ಈ ದ್ವೀಪಕ್ಕೆ ಬಂದು, ಏಡಿ ಬಿಡಿಸಿ, ನವೆಂಬರಿನಲ್ಲಿ ಮರಳುವ ಕೈ ಅದು. ಏ ಹಸಿಗೈ, ಎಂದಳು ಪಕ್ಕದ ತೋಮಾಸಾ, ಹೊಸಬಳನ್ನು ಇಲ್ಲಿ ಹಾಗೇ ಕರೆಯುವುದು, ಏಡಿ ಆಗ್ಲೇ ಸತ್ತಿದೆ ಕಣೇ, ಅದಕ್ಕೇನೂ ನೋವಾಗಲ್ಲ, ಗಂಡನ ತಲೆ ಬಾಚೋ ಹಾಗೆ ಕೂತಿದ್ದೀಯಲ್ಲ. ಮೇಜಿನ ಸುತ್ತ ನಗು, ಇದಾಲಿಯಾಳೂ ನಕ್ಕಳು, ನಗಲೇಬೇಕು, ನಗದವಳನ್ನು ಜನ ತಿರುಗಿ ನೋಡುತ್ತಾರೆ. ಹತ್ತು ಬೆರಳಲ್ಲಿ ಏಳಕ್ಕೆ ಅಂಟುಪಟ್ಟಿ, ಉಪ್ಪುನೀರು ಒಳಗಿಳಿದು ಚುರುಚುರು ಎನ್ನುತ್ತದೆ, ಎನ್ನಲಿ, ಬೆರಳು ಉರಿಯುವಷ್ಟು ಹೊತ್ತು ಹೊಟ್ಟೆ ಸುಮ್ಮನಿರುತ್ತದೆ. ಇವತ್ತು ಒಂಬತ್ತನೆಯ ದಿನ, ಶನಿವಾರ, ಒಂದು ಗಂಟೆಗೆ ಕೆಲಸ ಮುಗಿಯುತ್ತದೆ. ಮೊದಲ ವಾರ ಎಲ್ಲರೂ ಕಾರಿಕೊಳ್ಳುತ್ತಾರೆ, ಅದು ಇಲ್ಲಿಯ ಪದ್ಧತಿಯೇ, ನಾನು ನನ್ನ ಚಪ್ಪಲಿ ಮೇಲೇ ಕಾರಿಕೊಂಡಿದ್ದೆ ಎಂದು ತೋಮಾಸಾ ಮೊದಲ ದಿನವೇ ಹೇಳಿದ್ದಳು, ವಾಸನೆ ಒಳಗೆ ಮನೆ ಮಾಡೋವರೆಗೆ ಹಂಗೇ, ಆರು ದಿನ, ಏಳು ದಿನ, ಆಮೇಲೆ ಏಡಿ ಮುಂದೆ ಕೂತ್ಕೊಂಡೇ ರೊಟ್ಟಿ ತಿಂತೀಯ — ಎಂಥ ಆಸರೆಯಾಗಿತ್ತು ಆ ಮಾತು, ಏಳು ದಿನ ಅದರ ಸೆರಗಿನಲ್ಲಿ ಅವಿತುಕೊಂಡು ಅವಳು ನಿಶ್ಚಿಂತೆಯಾಗಿ ವಾಂತಿ ಮಾಡಿದಳು, ಬೆನ್ನು ಸವರಿದವರಿಗೆಲ್ಲ ಏಡಿಯನ್ನೇ ಬೈದು ತೋರಿಸಿದಳು. ಎಂಟನೆಯ ದಿನಕ್ಕೆ ಏನು ಹೇಳಬೇಕೆಂದು ಯೋಚಿಸಿಯೇ ಇರಲಿಲ್ಲ. ಒಂಬತ್ತನೆಯ ದಿನಕ್ಕೂ.

ಬಸ್ಸಿನಲ್ಲಿಯೇ ಹೇಳಿಬಿಡಬಹುದಿತ್ತು, ಮೂರು ದಿನದ ದಾರಿ, ಅತ್ತೆಯ ಹೆಗಲು ಅವಳ ಹೆಗಲಿಗೆ ತಾಗಿಕೊಂಡೇ ಇತ್ತು, ಹೇಳಬಹುದಿತ್ತು, ಆದರೆ ಆಗ ಅವಳಿಗೇ ತಿಳಿದಿರಲಿಲ್ಲವಲ್ಲ, ತಿಂಗಳು ತಪ್ಪಿದ್ದು ವೀಸಾದ ಓಡಾಟದಿಂದ, ಮೊಂತೆರೇಯ ಕಚೇರಿಯೆದುರು ನಾಲ್ಕು ದಿನ ಬಿಸಿಲಲ್ಲಿ ನಿಂತದ್ದರಿಂದ ಎಂದುಕೊಂಡಿದ್ದಳು, ಗಡಿ ದಾಟಿದ ಮೇಲೆ ಯಾವುದೋ ರಾಜ್ಯದಲ್ಲಿ, ಹೆಸರು ಈಗಲೂ ಗೊತ್ತಿಲ್ಲ, ಪೆಟ್ರೋಲ್ ಬಂಕಿನ ಅಂಗಡಿಯಲ್ಲಿ ಒಂದು ನೀರಿನ ಬಾಟಲಿ, ಒಂದು ಬಾಚಣಿಗೆ, ಅವೆರಡರ ಮಧ್ಯೆ ಆ ಸಣ್ಣ ಪೆಟ್ಟಿಗೆ, ಬಾಚಣಿಗೆ ಬೇಕಿರಲಿಲ್ಲ. ಶೌಚಾಲಯದ ಬಾಗಿಲು ಬಡಿಯುತ್ತಿದ್ದವಳು ತೋಮಾಸಾ, ಒಳಗೆ ಮನೆ ಕಟ್ತಿದ್ದೀಯೇನೇ, ಡ್ರೈವರ್ ಬಿಟ್ಟು ಹೋಗ್ತಾನೆ ನೋಡು, ಇಲ್ಲೇ ಸಂಸಾರ ಮಾಡ್ಕೊಂಡಿರು — ಎರಡು ಗೆರೆ, ಪೆಟ್ಟಿಗೆಯ ಮೇಲಿನ ಇಂಗ್ಲಿಷು ಓದಲು ಬರಬೇಕಾಗಿರಲಿಲ್ಲ. ಮದುವೆಯಾಗಿ ಆರು ವರ್ಷ. ಆರು ವರ್ಷ ಊರಿನ ಹೆಂಗಸರು ಅವಳ ಹೊಟ್ಟೆಯನ್ನು ನೋಡಿ ಆಮೇಲೆ ಮುಖವನ್ನು ನೋಡಿದ್ದರು, ಮಗುವಿನ ನಾಮಕರಣಕ್ಕೆ ಕರೆದು ಮಗುವನ್ನು ಮಾತ್ರ ಕೈಗೆ ಕೊಟ್ಟಿರಲಿಲ್ಲ, ಅತ್ತೆಯೇ ಅಲ್ಲವೆ ಚಳಿಗಾಲದಲ್ಲಿ ಊರಿಗೆ ಬಂದಾಗ ಪ್ರತಿ ತಿಂಗಳೂ ಚಾಪೆಯ ಮೇಲೆ ಮಲಗಿಸಿ, ಎಣ್ಣೆ ಬಿಸಿ ಮಾಡಿ, ಹೊಕ್ಕುಳ ಕೆಳಗೆ ಎರಡು ಹೆಬ್ಬೆಟ್ಟು ಒತ್ತಿ, ಗರ್ಭಚೀಲ ಜಾರಿದೆ ಮಗಳೇ, ಸ್ವಲ್ಪ ತಡ್ಕೋ, ಕೂರಿಸ್ತೀನಿ ಎನ್ನುತ್ತ ತಿಕ್ಕುತ್ತಿದ್ದವಳು, ಊರಿಗೆಲ್ಲ ಹೊಟ್ಟೆ ತಿಕ್ಕುವವಳು, ಎಷ್ಟು ಮಂದಿಗೆ ಮಕ್ಕಳಾದವು ಆ ಹೆಬ್ಬೆಟ್ಟುಗಳಿಂದ, ಸ್ವಂತ ಸೊಸೆಗೆ ಮಾತ್ರ ಇಲ್ಲ ಎಂದು ಜನ ನಗುವಾಗ ಅವಳೂ ತಲೆ ತಗ್ಗಿಸಿದ್ದಳಲ್ಲ. ಎರಡು ಗೆರೆಯ ಆ ಕಡ್ಡಿಯನ್ನು ಕಾಗದದಲ್ಲಿ ಸುತ್ತಿ ಕಸದ ಬುಟ್ಟಿಯ ತಳಕ್ಕೆ ತುರುಕಿ ಬಂದಳು, ಬಸ್ಸು ಹೊರಟ ಮೇಲೆ ಹೊಳೆಯಿತು, ಮಗುವಿನ ಮೊದಲ ಫೋಟೊ ಅದು, ಹೆಸರು ತಿಳಿಯದ ಊರಿನ ಕಸದಲ್ಲಿ ಬಿಟ್ಟು ಬಂದೆನಲ್ಲ ಎಂದು. ಆಗಲೂ ಹೇಳಲಿಲ್ಲ. ಮುಂದಿನ ಸೀಟಿನಲ್ಲಿ ಮಿರ್ತಾ ಕೂತಿದ್ದಳು, ಊರೂರು ಸುತ್ತಿ ಹೆಂಗಸರನ್ನು ಕೆಲಸಕ್ಕೆ ಕರೆತರುವವಳು, ಅವಳ ಮಡಿಲಲ್ಲಿ ಪಟ್ಟಿ, ಪಟ್ಟಿಯಲ್ಲಿ ಅವರ ಊರಿನ ಆರು ಹೆಸರು ಒಂದರ ಕೆಳಗೊಂದು, ಎಲ್ಲಕ್ಕಿಂತ ಮೇಲೆ ಕ್ರಿಸ್ಪೀನಾ, ಅವಳು ಜಾಮೀನು, ಒಬ್ಬಳು ನಡುವೆ ಕೈಕೊಟ್ಟರೂ ಮುಂದಿನ ವರ್ಷ ಆರೂ ಹೆಸರು ಹೊಡೆದುಹಾಕ್ತೀನಿ, ಬಸುರಿಗೆ ಅಲ್ಲಿ ಮೇಜಿಲ್ಲ, ಈಗಲೇ ಹೇಳಿ ಇಳಿದುಬಿಡಿ ಎಂದು ಮಿರ್ತಾ ಚರ್ಚಿನ ಮುಂದೆ ನಿಂತು ಹೇಳಿದ್ದಳು, ಹೋದ ವರ್ಷ ಪಕ್ಕದ ಊರಿನ ಅದೇಲಾಳಿಗೆ ಜೂನ್‌ನಲ್ಲಿ ಹೊಟ್ಟೆ ಕಾಣಿಸಿತು, ವಾಪಸ್ ಬಸ್ಸಿಗೆ ಹತ್ತಿಸಿದರು, ಈ ವರ್ಷ ಆ ಊರಿಗೆ ಮಿರ್ತಾ ಹೋಗಲೇ ಇಲ್ಲ. ಅದೇಲಾ ಈಗ ಸಂತೆಗೆ ಬಂದರೆ ಜನ ಅವಳಿಂದ ಟೊಮೆಟೊ ಕೊಳ್ಳುವುದಿಲ್ಲ. ಮಗು ಚೆನ್ನಾಗಿದೆಯಂತೆ, ದುಂಡಗೆ.

ಬಾಗಿಲು ಮತ್ತೆ ತೆರೆಯಿತು, ಹೊಸ ಗುಡ್ಡೆ ಮೇಜಿನ ಮೇಲೆ ದಡದಡ ಸುರಿಯಿತು, ಬಾಯಿಂದ ಉಸಿರಾಡು, ಬಾಯಿಂದ, ಆಗಲಿಲ್ಲ, ಚಾಕು ಕೈಯಲ್ಲಿದ್ದ ಹಾಗೆಯೇ ಎದ್ದು ಓಡಿದಳು, ಹಿಂಬಾಗಿಲು, ಬಿಸಿಲು, ಚಿಪ್ಪಿನ ರಾಶಿಯ ಮೇಲೆ ಹಾರುತ್ತ ಕಿರುಚುವ ಹಕ್ಕಿಗಳು, ಬೆಳಗ್ಗೆ ಕುಡಿದ ಕಾಫಿಯೂ ಇಲ್ಲ, ಹಳದಿ ನೀರು, ಅದೂ ಇಲ್ಲ, ಬರೀ ಓಕರಿಕೆ. ಕಣ್ಣೀರಿನ ನಡುವೆ ನೆಲದ ಮೇಲೆ ಎರಡು ಬಿಳಿ ಬೂಟು ಕಂಡವು, ಡಾರ್ಲೀನ್, ಒಡೆಯನ ಹೆಂಡತಿ, ಡಬ್ಬಿಗಳನ್ನು ತೂಗುವವಳು, ಏನೋ ಕೇಳಿದಳು, ಗದರಿದಂತಿರಲಿಲ್ಲ, ಆ ಹೆಂಗಸು ಯಾವತ್ತೂ ಗದರುವುದಿಲ್ಲ, ಬರೀ ನೋಡುತ್ತಾಳೆ, ತಕ್ಕಡಿಯ ಮುಳ್ಳನ್ನು ನೋಡುವ ಹಾಗೆ, ಮುಖ, ಎದೆ, ಹೊಟ್ಟೆ. ಉತ್ತರ ಹೇಳಲು ಭಾಷೆಯಿಲ್ಲ, ಅಷ್ಟರಲ್ಲಿ ಬೆನ್ನ ಹಿಂದಿನಿಂದ ಅತ್ತೆಯ ದನಿ, ಹತ್ತೊಂಬತ್ತು ವರ್ಷದಲ್ಲಿ ಕೂಡಿಸಿಕೊಂಡ ಅಷ್ಟೋ ಇಷ್ಟೋ ಇಂಗ್ಲಿಷಿನಲ್ಲಿ, ಮೊಟ್ಟೆ, ಹಳೇದು, ಇವಳು ತಿಂದಳು, ದಡ್ಡಿ, ಎಂದು ತಲೆಯ ಪಕ್ಕ ಬೆರಳು ತಿರುಗಿಸಿ ತೋರಿಸಿದಳು, ಡಾರ್ಲೀನ್ ನಕ್ಕಳು, ಹೋದಳು. ಮೊಟ್ಟೆ ಯಾರೂ ತಿಂದಿರಲಿಲ್ಲ. ಅತ್ತೆ ತನ್ನ ಏಪ್ರನ್ನಿನ ತುದಿಯಿಂದ ಸೊಸೆಯ ಬಾಯಿ ಒರೆಸಿದಳು, ಮೂಗನ್ನೂ, ಮಗುವಿಗೆ ಒರೆಸುವ ಹಾಗೆ ಒತ್ತಿ, ಎದ್ದೇಳು ಮಗಳೇ, ಇನ್ನು ಎರಡು ಡಬ್ಬಿ, ನನ್ನದು ಒಂದು ನಿನ್ನ ಲೆಕ್ಕಕ್ಕೆ ಹಾಕ್ತೀನಿ. ಗೊತ್ತಿದೆ ಇವಳಿಗೆ, ಎಂದುಕೊಂಡಳು ಇದಾಲಿಯಾ, ಗೊತ್ತಿದ್ದೂ ಸುಳ್ಳು ಹೇಳಿದಳು, ನನಗಾಗಿ, ಇದಕ್ಕಾಗಿ — ಸೊಂಟಕ್ಕೆ ಬಟ್ಟೆಯ ಪಟ್ಟಿ ಬಿಗಿದರೆ ಆಗಸ್ಟ್‌ವರೆಗೆ ಕಾಣುವುದಿಲ್ಲ, ಚೊಚ್ಚಲಿಗೆ ಹೊಟ್ಟೆ ತಡವಾಗಿ ಬರುತ್ತದಂತೆ, ಈ ಏಪ್ರನ್ನು ಇಬ್ಬರನ್ನು ಮುಚ್ಚುವಷ್ಟು ಅಗಲವಿದೆ, ಅತ್ತೆ ಇದ್ದಾಳೆ, ಅತ್ತೆ ಬಿಗಿಯುತ್ತಾಳೆ ಪಟ್ಟಿಯನ್ನು, ಸೆಪ್ಟೆಂಬರ್, ಅಕ್ಟೋಬರ್ — ಒಳಗೆ ಹೋಗಿ ಕೂತಳು, ಚಾಕು ಇಟ್ಟು ಒಂದು ತಿರುವು, ಉಂಡೆ ಇಡಿಯಾಗಿ ಬಂತು, ಒಂಬತ್ತು ದಿನದಲ್ಲಿ ಮೊದಲ ಸಲ, ಅದನ್ನು ಎತ್ತಿ ತೋಮಾಸಾಳಿಗೆ ತೋರಿಸಿದಳು ಕೂಡ. ತೋಮಾಸಾ ಏನೂ ತಮಾಷೆ ಮಾಡಲಿಲ್ಲ. ತಲೆ ತಗ್ಗಿಸಿ ಚಿಪ್ಪು ಕೀಳುತ್ತಿದ್ದಳು.

ಮಧ್ಯಾಹ್ನ ಮೂರಕ್ಕೆ ತಾವು ಉಳಿದ ಮನೆಯ ಅಡುಗೆಕೋಣೆಯಲ್ಲಿ ಆರೂ ಮಂದಿ, ಶನಿವಾರ ಒಬ್ಬಳು ಬಟ್ಟೆ ಒಗೆಯಬೇಕು, ಒಬ್ಬಳು ಹಡಗುಕಟ್ಟೆಯ ತುದಿಗೆ ಹೋಗಿ ಸಿಗ್ನಲ್ ಹಿಡಿದು ಊರಿಗೆ ಫೋನ್ ಮಾಡಬೇಕು, ಇವತ್ತು ಯಾರೂ ಹೊರಗೆ ಹೋಗಿಲ್ಲ, ಅದೇ ಮೊದಲು ಅವಳಿಗೆ ವಿಚಿತ್ರವೆನಿಸಿದ್ದು, ಒಬ್ಬಳು ಕಾಳು ಆರಿಸುತ್ತಿದ್ದಾಳೆ, ಆಗಲೇ ಆರಿಸಿಟ್ಟ ಕಾಳು ಅದು, ಒಲೆಯ ಮೇಲೆ ಸಣ್ಣ ಪಾತ್ರೆ ಕುದಿಯುತ್ತಿದೆ, ವಾಸನೆ, ಏಡಿಯದ್ದಲ್ಲ, ಹಸಿರು, ಕಟು, ಗೊತ್ತಿರುವ ವಾಸನೆ, ಊರಿನ ಅಂಗಳ, ಬಾಗಿಲ ಪಕ್ಕದ ಹಳೆಯ ಡಬ್ಬದಲ್ಲಿ ಅತ್ತೆ ಬೆಳೆಸುವ ಗಿಡ, ದೃಷ್ಟಿಗೆ, ಕಿವಿನೋವಿಗೆ — ರೂದಾ, ರೂದಾ ಸೊಪ್ಪು, ಇನ್ನೊಂದಕ್ಕೂ, ಊರಿನ ಹೆಂಗಸರು ಹಗಲಲ್ಲಿ ಹೆಸರಿಸದ ಆ ಇನ್ನೊಂದಕ್ಕೂ, ಹೊಟ್ಟೆಯಲ್ಲಿ ನಿಂತದ್ದನ್ನು ಇಳಿಸುವುದಕ್ಕೂ. ಅತ್ತೆ ಮೆಕ್ಕೆಜೋಳದ ಸಿಪ್ಪೆಯ ಪೊಟ್ಟಣವನ್ನು ಮತ್ತೆ ಕಟ್ಟುತ್ತಿದ್ದಾಳೆ, ಒಣಗಿಸಿ ಸುತ್ತಿದ್ದು, ದಾರದ ಗಂಟು ಅವಳದೇ, ಹಬ್ಬಕ್ಕೆ ಬೇಯಿಸುವ ತಮಾಲೆ ಕಡುಬಿಗೆ ಹಾಕುವ ಗಂಟು. ಇದು ಇಲ್ಲಿ ಸಿಗುವ ಸೊಪ್ಪಲ್ಲ. ಇದು ಬಸ್ಸಿನಲ್ಲಿ ಬಂದಿದೆ. ಅತ್ತೇ, ಎಂದಳು ಇದಾಲಿಯಾ, ದನಿ ಎಲ್ಲಿಂದಲೋ ಬಂತು, ಊರಲ್ಲೇ ಗೊತ್ತಿತ್ತಾ ನಿಮಗೆ. ನಿನ್ನ ಹೊಟ್ಟೆ ತಿಕ್ಕಿದ ಕೈ ಇದು, ಗೊತ್ತಾಗಲ್ವಾ, ಹೊರಡೋ ವಾರ ಕೈಯಿಟ್ಟಾಗಲೇ ಬೆಚ್ಚಗಿತ್ತು, ನಿನಗಿಂತ ಮೊದಲು ನನಗೆ ಗೊತ್ತಾಯ್ತು. ಮತ್ತೆ ಯಾಕೆ ಕರ್ಕೊಂಡು ಬಂದಿರಿ. ಪಟ್ಟಿ ಬರೆದಾಗಿತ್ತಲ್ಲ ಮಗಳೇ, ಆರು ಬರೆದಿದ್ದೆ, ಇಳಿದುಬಿಡಿ ಅಂತಾಳೆ ಅಷ್ಟೇ, ಐದು ಅಂದಿದ್ರೆ ಮಿರ್ತಾ ಐದನ್ನೂ ತಗೋತಿರ್ಲಿಲ್ಲ, ಇವತ್ತು ಆ ಹೆಂಗಸು ನಿನ್ನ ಹೇಗೆ ನೋಡಿದ್ಲು ನೀನೇ ಕಂಡ್ಯಲ್ಲ, ಇನ್ನೊಂದು ಸಲ ಮೊಟ್ಟೆ ಅಂದ್ರೆ ನಂಬಲ್ಲ. ಸೊಂಟಕ್ಕೆ ಪಟ್ಟಿ ಬಿಗಿದರೆ, ಎಂದಳು ಇದಾಲಿಯಾ, ಆಗಸ್ಟ್‌ವರೆಗೆ. ಆಗಸ್ಟ್ ಆದ್ಮೇಲೆ, ಎಂದಳು ಅತ್ತೆ, ಇನ್ನೂ ಮೂರು ತಿಂಗಳು ಉಳಿಯುತ್ತೆ. ಫಿದೆನ್ಸಿಯೋ, ಎಂದು ಇದಾಲಿಯಾ ಗಂಡನ ಹೆಸರೆತ್ತಿದಳು, ಅವರಿಗೆ ಒಂದು ಮಾತು — ನನ್ನ ಮಗನಿಗೆ ಇದೆಲ್ಲ ಯಾಕೆ, ಗಂಡಸರಿಗೆ ಹೇಳಿದ್ರೆ ಅಳ್ತಾರೆ, ಅತ್ತು ಮಲಗ್ತಾರೆ. ಮುಂದಿನ ಚಳಿಗಾಲಕ್ಕೆ ನಾನೇ ಮತ್ತೆ ಕೂರಿಸ್ತೀನಿ, ದಾರಿ ಗೊತ್ತಾಯ್ತಲ್ಲ ಅದಕ್ಕೆ ಈಗ, ಬರುತ್ತೆ. ಆರು ವರ್ಷ ತಪ್ಪಿಹೋಗಿದ್ದ ದಾರಿಯನ್ನು ಅತ್ತೆ ಅಷ್ಟು ಸುಲಭವಾಗಿ ಹೇಳಿದಳು, ಅಂಗಡಿಗೆ ಹೋಗಿ ಬರುವ ಹಾಗೆ. ಇದಾಲಿಯಾ ತೋಮಾಸಾಳ ಕಡೆ ತಿರುಗಿದಳು, ಒಂದು ಮಾತು ಅನ್ನು, ಏನಾದರೂ ಹೊಲಸು ತಮಾಷೆ ಅನ್ನು ತೋಮಾಸಾ, ಇಡೀ ಬಸ್ಸನ್ನು ನಗಿಸಿದವಳಲ್ಲವೆ ನೀನು, ತೋಮಾಸಾಳ ಮಗಳು ಈ ಏಡಿಯ ದುಡ್ಡಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಎರಡನೆಯ ವರ್ಷ, ಫೋಟೊ ಎಲ್ಲರಿಗೂ ತೋರಿಸಿದ್ದಾಳೆ, ಬಿಳಿ ಟೋಪಿ. ತೋಮಾಸಾ ಕಿಟಕಿಯ ಆಚೆಗೆ ನೋಡುತ್ತ ಮೆಲ್ಲಗೆ ಅಂದಳು, ನಾನೂ ಒಂದ್ಸಲ ಕುಡ್ದಿದ್ದೀನಿ ಕಣೇ, ಇದೇ ಕೋಣೇಲಿ, ಸಕ್ಕರೆ ಜಾಸ್ತಿ ಹಾಕಿಸ್ಕೋ.

ಅತ್ತೆ ಸಕ್ಕರೆ ಹಾಕಿದಳು, ಮೂರು ಚಮಚ, ಕಲಕಿದಳು, ನೀಲಿ ಪಿಂಗಾಣಿ ಲೋಟವನ್ನು ಅವಳ ಮುಂದಿಟ್ಟಳು, ಯಾರೂ ಅವಳನ್ನು ಹಿಡಿದುಕೊಂಡಿಲ್ಲ, ಬಾಗಿಲು ತೆರೆದೇ ಇದೆ, ಆಚೆ ರಸ್ತೆ, ರಸ್ತೆಯ ಆ ಕಡೆ ನೀರು, ಈ ಕಡೆಯೂ ನೀರು, ಒಂದೇ ಸೇತುವೆ, ಸೇತುವೆಯ ಆಚೆ ಅವಳನ್ನು ಬಲ್ಲವರು ಯಾರೂ ಇಲ್ಲ, ಈಚೆ ಬಲ್ಲವರು ಐವರು, ಐವರೂ ಇಲ್ಲೇ. ಆರಿಹೋಗುತ್ತೆ ಮಗಳೇ, ಎಂದಳು ಅತ್ತೆ, ಎಂಥ ಮೃದು ದನಿ, ಚಾಪೆಯ ಮೇಲೆ ಮಲಗಿಸಿ ಸ್ವಲ್ಪ ತಡ್ಕೋ ಎನ್ನುತ್ತಿದ್ದ ಅದೇ ದನಿ, ನಾಳೆ ಭಾನುವಾರ, ರಜೆ, ಅದಕ್ಕೇ ಇವತ್ತು, ಮಲಗಿರ್ತೀಯ, ನಾನು ಪಕ್ಕದಲ್ಲೇ ಇರ್ತೀನಿ, ಸೋಮವಾರಕ್ಕೆ ಮೇಜಿಗೆ ಬರ್ತೀಯ. ಒಳ್ಳೇದು ಎಂದು ಯಾರೋ ಉಸಿರುಬಿಟ್ಟರು. ಅವಳು ಲೋಟ ಮುಟ್ಟಿದಳು, ಬರೀ ಮುಟ್ಟಿದಳು, ದೂಡಲೆಂದೇ ಮುಟ್ಟಿದ್ದು, ಆದರೆ ಬಿಸಿ, ಒಂಬತ್ತು ದಿನದ ಉಪ್ಪು ತಿಂದ ಏಳು ಬೆರಳಿಗೂ ಲೋಟದ ಬಿಸಿ ಇಳಿಯಿತು, ಹಾಯೆನಿಸಿತು, ಎಷ್ಟು ಹಾಯೆನಿಸಿತು, ಬೆರಳುಗಳು ಅವಳನ್ನು ಕೇಳದೆ ಲೋಟವನ್ನು ಸುತ್ತಿಕೊಂಡವು, ಬಿಡು, ಎಂದಳು ಬೆರಳಿಗೆ, ಈಗಲೇ ಬಿಡು, ಎದ್ದುಬಿಡು, ಬೆರಳು ಬಿಡಲಿಲ್ಲ, ಒಳಗಿನ ಹಸಿರು ನೀರಿನ ಮೇಲೆ ಒಂದು ಎಲೆ ಮೆಲ್ಲಗೆ ಸುತ್ತುತ್ತಿದೆ, ಬಿಸಿ ಬೆರಳಿಂದ ಮುಂಗೈಗೆ ಏರುತ್ತಿದೆ, ಇಷ್ಟು ಸುಖವಾಗಬಾರದಿತ್ತು ಇದು, ಇಷ್ಟು ಬೆಚ್ಚಗಿರಬಾರದಿತ್ತು, ಎಲೆ ಸುತ್ತುತ್ತಿದೆ, ಬೆರಳು ಬಿಡುತ್ತಿಲ್ಲ, ಲೋಟ ತುಟಿಯ ಹತ್ತಿರ, ಎಲೆ, ಬೆಚ್ಚಗೆ, ಬೆರಳು, ಎಲೆ