ಗೋಡೆ ಬಿಟ್ಟ ಬೆಟ್ಟ

ಕುರುಬರಹಳ್ಳಿಯ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಲ್ಲಿ ಡ್ರಾಯಿಂಗ್ ಟೀಚರ್ ಕಲಾ ಒಬ್ಬರೇ ಇದ್ದರು. ನಿವೃತ್ತಿಯಾದ ಮೇಲೆ ಬೆಳಗಿನ ಕಾಫಿ ನಡುಮನೆಯಲ್ಲಿ ತೂಗುಹಾಕಿದ್ದ ಚೀನೀ ಮಸಿಚಿತ್ರದ ಎದುರೇ. ಸುರುಳಿ ಸುತ್ತಿಡುವಂಥ ಉದ್ದನೆಯ ಚಿತ್ರ; ಕೆಳತುದಿಗೆ ಭಾರದ ಮರದ ಕೋಲು. ಕಲಾ ಕೆಳಗಿನಿಂದ ನೋಡುತ್ತ ಹೋಗುವರು: ಹೊಳೆ, ಹಲಗೆ ಸೇತುವೆ, ಅದರ ಮೇಲೆ ಎಳ್ಳಿನಷ್ಟು ಮನುಷ್ಯ, ಆಮೇಲೆ ಮಂಜು. ಮಂಜನ್ನು ಬರೆದೇ ಇರಲಿಲ್ಲ, ಚಿತ್ರಕಾರ ಕಾಗದವನ್ನು ಹಾಗೇ ಬಿಟ್ಟಿದ್ದ. ಆ ಬಿಳಿಯನ್ನು ದಾಟಿ ಕಣ್ಣು ಬೆಟ್ಟದ ನೆತ್ತಿ ಸೇರುವಷ್ಟರಲ್ಲಿ ಕಾಫಿ ಆರಿರುತ್ತಿತ್ತು.

ಒಂದು ಬೆಳಿಗ್ಗೆ ಚಿತ್ರದ ಅಂಚಿನಲ್ಲಿ, ಗೋಡೆಯ ಮೇಲೆ, ಸಣ್ಣ ನೆರಳು ಕಂಡಿತು. ಕೋಲು ಗೋಡೆಗೆ ತಾಗುತ್ತಿರಲಿಲ್ಲ. ಗಾಳಿಯಿರಬೇಕೆಂದು ಕಿಟಕಿ ಮುಚ್ಚಿದರು, ಫ್ಯಾನ್ ಆರಿಸಿದರು. ಚಿತ್ರ ಅಲುಗಾಡದೆ ಹಾಗೇ ನಿಂತಿತ್ತು, ಗೋಡೆಯಿಂದ ದೂರ. ವಾರ ಕಳೆಯುವಷ್ಟರಲ್ಲಿ ಸಂದಿಯಲ್ಲಿ ಎರಡು ಬೆರಳು ತೂರಿದವು. ಚಿತ್ರದ ಎದುರಿನ ಕಿಟಕಿಯಾಚೆ, ಪಕ್ಕದ ಸೈಟಿನಲ್ಲಿ, ಬೇಸ್‌ಮೆಂಟಿಗೆಂದು ಅಗೆದ ಗುಂಡಿ ಬಾಯಿ ತೆರೆದುಕೊಂಡಿತ್ತು. ಕಲಾ ಸಂದಿಯನ್ನೂ ಗುಂಡಿಯನ್ನೂ ಮತ್ತೆ ಮತ್ತೆ ನೋಡಿದರು.

ನೆಲಮಹಡಿಯಲ್ಲಿದ್ದ ಮನೆ ಮಾಲೀಕ ಮರಿಯಪ್ಪನವರನ್ನು ಕರೆತಂದು ತೋರಿಸಿದರು. ಅವರು ನಕ್ಕರು.

"ಪಟ ಸೊಟ್ಟಗಾಗಿದೆ ಬಿಡಿ ಟೀಚರ್. ಚೈನಾ ಮಾಲು!"

"ಭಾರ ಕಟ್ಟಿರೋ ಪಟ ಸಾರ್, ನೆಟ್ಟಗೇ ತೂಗುತ್ತೆ. ಗೋಡೆನೇ ಗುಂಡಿ ಕಡೆ ವಾಲ್ತಾ ಇದೆ."

ಹಿಂದೆಯೇ ಬಂದಿದ್ದ ಅವರ ಹೆಂಡತಿ ಬೋರಮ್ಮ ನಗಲಿಲ್ಲ. "ರೀ, ನಮ್ಮ ಬಚ್ಚಲ ಬಾಗ್ಲು ಮೊನ್ನೆಯಿಂದ ಮುಚ್ತಾ ಇಲ್ಲ. ನೀವು ಕಾರ್ಪೆಂಟರ್‌ನ ಬೈಕೊಂಡ್ ಕೂತಿದೀರ."

ಮರಿಯಪ್ಪನವರ ನಗು ನಿಂತಿತು. ಆಗಲೇ, ಗಾಳಿಯಿಲ್ಲದ ಆ ನಡುಮನೆಯಲ್ಲಿ, ಚಿತ್ರ ಮೆಲ್ಲಗೆ ತೂಗಿತು. ಮೇಲಿನಿಂದ ಗಾರೆಯ ಪುಡಿ ಉದುರಿತು.

"ಆಚೆ ನಡೀರಿ!" ಎಂದು ಕೂಗಿದ ಕಲಾ, ಚಿತ್ರ ಇಳಿಸಲು ಮೊಳೆಯತ್ತ ಕೈ ಚಾಚಿದರು. ಎಟುಕಲಿಲ್ಲ. ಕುರ್ಚಿ ಎಳೆಯಲು ಹೋದವರು ಅದನ್ನು ಅಲ್ಲೇ ಬಿಟ್ಟು ಮೆಟ್ಟಿಲಿಳಿದರು. ಮರಿಯಪ್ಪ ಮೊದಲ ಮಹಡಿಯ ಬಾಗಿಲನ್ನು ದಬದಬ ಬಡಿದು, ಊಟಕ್ಕೆ ಕೂತವರನ್ನು ಎಂಜಲು ಕೈಯಲ್ಲೇ ಎಬ್ಬಿಸಿ ತಂದರು.

ಎಲ್ಲರೂ ರಸ್ತೆಗೆ ಬಂದ ಮೇಲೆ ಕೆಳಗಿನ ಕಂಬ ಸಿಡಿಯಿತು. ಮನೆ ಬೀಳಲಿಲ್ಲ, ಗುಂಡಿಯತ್ತ ಬಗ್ಗಿ ನಿಂತಿತು. ಸಂಜೆ ಬಂದ ಅಧಿಕಾರಿಗಳು ಟೇಪು ಕಟ್ಟಿ, ನಾಳೆ ಕೆಡವುತ್ತೇವೆ, ಯಾರೂ ಒಳಗೆ ಕಾಲಿಡಬೇಡಿ ಎಂದರು. ಮರಿಯಪ್ಪ ರಸ್ತೆಯಂಚಿನ ಕಲ್ಲಿನ ಮೇಲೆ ಕುಳಿತರು.

ಪೀಣ್ಯದ ಕಡೆಯಿಂದ ಮೋಡ ಕವಿಯುತ್ತಿತ್ತು. ಬೋರಮ್ಮ ಕಲಾ ಅವರ ತೋಳು ಹಿಡಿದುಕೊಂಡು ಗುಂಡಿಯ ಆ ದಡದ ಮನೆಯನ್ನೇ ನೋಡುತ್ತಿದ್ದರು. ಅಲ್ಲಿ ದೀಪ ಹತ್ತಿತ್ತು, ಕುಕ್ಕರ್ ಕೂಗುತ್ತಿತ್ತು.

"ಮಳೆ ಬಂದ್ರೆ ಆ ದಡಾನೂ ಕುಸಿಯುತ್ತೆ. ಎಷ್ಟು ಹೇಳಿದ್ರೂ ಅವ್ರು ಆಚೆ ಬರಲ್ಲ ಅಂತಾರೆ, ಟೀಚರ್."