ಕೆಳಗಿಟ್ಟ ಕಾಫಿ

"ನಿನ್ನ ಮಗಳ ಬಾಯಿಗೆ ನೀನೇ ಬೀಗ ಹಾಕ್ತೀಯೋ, ನಾನು ಹಾಕಿಸ್ಬೇಕೋ?"

ಮೇಲ್ವಿಚಾರಕ ಲೊಂಬಾರ್ಡಿ ಇದನ್ನು ಮೆಲ್ಲಗೆ ಹೇಳಲಿಲ್ಲ. ಕಾಲೇಜಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರದ ಸದ್ದನ್ನೂ ಮೀರಿ ಕೇಳುವಂತೆ, ತರಕಾರಿ ಹೆಚ್ಚುತ್ತಿದ್ದವರು ಚಾಕು ನಿಲ್ಲಿಸಿ ನೋಡುವಂತೆ ಹೇಳಿದ. ರಸ್ಮಿಯಾ ತಲೆ ಎತ್ತಲಿಲ್ಲ. ಅವಳ ಕೈ ಮೊಳಕೈವರೆಗೂ ದೊಡ್ಡ ಹಂಡೆಯೊಳಗಿತ್ತು. ತಳ ಹಿಡಿದ ಸೂಪನ್ನು ತಂತಿಯುಂಡೆಯಿಂದ ಉಜ್ಜುತ್ತಿದ್ದಳು.

"ನಿಂಗೇ ಹೇಳ್ತಿರೋದು, ರೋಸಿ. ತಲೆಗೆ ಸುತ್ಕೊಂಡ ಬಟ್ಟೇನ ಕಿವಿಗೂ ತುರುಕ್ಕೊಂಡಿದ್ದೀಯಾ?"

ಪೆನ್ನಿನ ತುದಿಯಿಂದ ಅವಳ ತಲೆವಸ್ತ್ರದ ಅಂಚನ್ನು ಮೀಟಿದ. ಒಲೆಯ ಕಡೆಯಿಂದ ಯಾರೋ ನಕ್ಕರು. ರೋಸಿ ಅವನೇ ಇಟ್ಟ ಹೆಸರು. ಅವಳ ನಿಜವಾದ ಹೆಸರು ನಾಲಿಗೆಗೆ ಗಂಟು ಹಾಕುತ್ತದೆ ಎಂದು ಕೆಲಸಕ್ಕೆ ಸೇರಿದ ದಿನವೇ ಎದೆಯ ಮೇಲೆ ಆ ಹೆಸರಿನ ಬಿಲ್ಲೆ ಚುಚ್ಚಿಸಿದ್ದ.

"ಕೇಳಿಸ್ತ್ರಿ."

"ಏನ್ ಕೇಳಿಸ್ತು? ಮಧ್ಯಾಹ್ನ ಟ್ರಸ್ಟಿಗಳ ಮೀಟಿಂಗು. ಹುಲ್ಲಿನ ಮೇಲೆ ಗುಡಾರ ಹಾಕ್ಕೊಂಡು ಕಿರುಚ್ತಾರಲ್ಲ, ಆ ಗುಂಪಿನಿಂದ ಇಬ್ಬರನ್ನ ಒಳಗೆ ಬಿಡ್ತಾರಂತೆ. ಅದ್ರಲ್ಲಿ ನಿನ್ನ ಮಗಳೂ ಒಬ್ಬಳು. ಅವಳು ಒಂದು ಮಾತು ಆಡಿದ್ಲೋ, ಆ ಏಪ್ರನ್ ಬಿಚ್ಚಿಟ್ಟು ಹೋಗ್ತಾ ಇರು. ನೀನು ಹೋದ್ರೆ ಅವಳ ಓದೂ ಹೋಯ್ತು. ಗೊತ್ತು ತಾನೆ?"

ಗೊತ್ತಿತ್ತು. ಕಾಲೇಜಿನ ಕೆಲಸಗಾರರ ಮಕ್ಕಳಿಗೆ ಶುಲ್ಕವಿಲ್ಲ, ತಂದೆಯೋ ತಾಯಿಯೋ ಕೆಲಸದಲ್ಲಿ ಇರುವವರೆಗೆ. ಆ ಒಂದು ಮಾತು ನಂಬಿಯೇ ರಸ್ಮಿಯಾ ಪ್ಯಾಟರ್ಸನ್ ಊರಿನ ಬೇಕರಿ ಕೆಲಸ ಬಿಟ್ಟು ಇಲ್ಲಿ ಹಂಡೆ ತಿಕ್ಕಲು ಬಂದದ್ದು. ಜೀತಕ್ಕೆ ಸರಪಳಿಯೇ ಬೇಕೆಂದಿಲ್ಲ. ಹಗ್ಗದ ಒಂದು ತುದಿ ತಾಯಿಯ ಕುತ್ತಿಗೆಯಲ್ಲಿ, ಇನ್ನೊಂದು ತುದಿ ಮಗಳ ಕುತ್ತಿಗೆಯಲ್ಲಿ ಇದ್ದರೆ ಸಾಕು. ಮಗಳು ಅರೀಜಳ ಪದವಿ ಮುಗಿಯಲು ಒಂದೇ ಪರೀಕ್ಷೆ ಬಾಕಿ ಇತ್ತು.

"ಆಮೇಲೆ ನಿನ್ನ ಆ ಏಲಕ್ಕಿ ಕಾಫಿ ಮಾಡು. ಅಧ್ಯಕ್ಷ ವಿಟ್‌ಲಾಕ್ ಸಾಹೇಬ್ರು ಬಾಯಿಬಿಟ್ಟು ಕೇಳಿದಾರೆ. ಸಣ್ಣ ಬಟ್ಟಲಲ್ಲಿ, ನೀನೇ ಹಂಚ್ಬೇಕು. ನಿಮ್ಮೋರು ಹಂಚಿದ್ರೇನೇ ನೋಡೋಕೆ ಚೆಂದ."

ಅವಳು ಕಾಫಿ ಕುದಿಯಲು ಇಟ್ಟಳು. ನೊರೆ ಬಾಯಿಯವರೆಗೆ ಏರಿದಾಗ ಎತ್ತಿ ಹಿಡಿದು, ಇಳಿದ ಮೇಲೆ ಮತ್ತೆ ಬೆಂಕಿಗೆ ಇಡುವುದನ್ನು ಕಲಿಸಿದವನು ಅಪ್ಪ. ಅವನು ತಮ್ಮೂರು ಖಾನ್ ಯೂನಿಸ್‌ನಲ್ಲಿ ಜಗಳ ಬಿಡಿಸುವ ಹಿರಿಯನಾಗಿದ್ದವನು. ಕೊನೆಗಾಲಕ್ಕೆ ಮಗಳಿದ್ದ ಈ ದೇಶಕ್ಕೆ ಬಂದು, ಬಾಡಿಗೆ ಮನೆಯ ಕಿಟಕಿಯ ಬಳಿ ಕೂತು, ಚಿಕ್ಕವಳಾಗಿದ್ದ ಅರೀಜಳಿಗೆ ಮತ್ತೆ ಮತ್ತೆ ಊರಿನ ಕಾಫಿಯ ರಿವಾಜನ್ನೇ ಹೇಳುತ್ತಿದ್ದ.

"ಕೊಲಿ ಮಾಡಿದವರ ಮನಿಗೆ ನ್ಯಾಯ ಕೇಳಾಕ ಹೋದ್ರೂ ಕಾಫಿ ಕೊಡ್ತಾರವ್ವಾ. ಇಸ್ಕೋಬೇಕು, ಕುಡೀಬಾರ್ದು. ಮುಂದ ಇಟ್ಕೊಂಡು ಸುಮ್ನ ಕುಂದ್ರಬೇಕು. ಕೇಳಾಕ ಬಂದದ್ದು ಕೊಟ್ಟೆ ಅಂತ ಮನಿ ಯಜಮಾನ ಅಂದ ಮ್ಯಾಲೇ ಬಟ್ಟಲ ಎತ್ತೂದು. ಬಂದಾಂವ ಕುಡೀಲಾರ್ದ ಎದ್ದು ಹೋದ ಅಂದ್ರ ಆ ಮನಿ ಮಾನ ಹೋತು."

"ಯಜಮಾನ ಮಾನಗೇಡಿ ಇದ್ರ, ಅಜ್ಜಾ?"

ಮುದುಕ ಕಟ್ಟಿಸಿಕೊಂಡ ಹಲ್ಲು ಅಲುಗುವಂತೆ ನಕ್ಕಿದ್ದ. "ಮಾನಗೇಡಿ ಇದ್ರ ಕಾಫಿ ಆರತೈತಿ. ಆರೂದನ್ನ ಎಲ್ಲಾರೂ ನೋಡ್ತಾರ. ಅಷ್ಟ."

ಕಾಫಿ ಇಳಿಸಿ ಮುಚ್ಚಿಟ್ಟು, ರಸ್ಮಿಯಾ ಹಿಂಬಾಗಿಲಿಗೆ ಹೋದಳು. ಕಸದ ಡಬ್ಬಿಗಳ ಪಕ್ಕ ಅರೀಜ್ ನಿಂತಿದ್ದಳು. ಕೊರಳಲ್ಲಿ ಅಜ್ಜನ ಕಪ್ಪುಬಿಳಿ ಚೌಕದ ವಸ್ತ್ರ. ಸ್ವಲ್ಪ ದೂರದಲ್ಲಿ ಅವಳ ಗೆಳತಿ ನೇಯೋಮಿ ಕೈಯಲ್ಲಿದ್ದ ಹಾಳೆಯನ್ನು ತುಟಿಯಲ್ಲೇ ಓದಿಕೊಳ್ಳುತ್ತ ಅತ್ತಿಂದಿತ್ತ ನಡೆಯುತ್ತಿದ್ದಳು.

"ಯಮ್ಮಾ, ಲಗೂ ಹೇಳು. ಒಳಗ ಕರಿಯೂ ಹೊತ್ತಾತು."

"ನೀ ಇವತ್ತ ಮಾತಾಡಬ್ಯಾಡ."

"ಲೊಂಬಾರ್ಡಿ ಅಂದನಾ? ಆ ಹಲ್ಕಟ್ ಸೂಳೆಮಗ..."

"ಬಾಯಿ ಹಿಡಿ. ಆ ಸೂಳೆಮಗನ ಕೈಯಾಗ ನಿನ್ನ ಓದು ಐತಿ."

"ಅವನ ಕೈಯಾಗ ಏನೂ ಇಲ್ಲ. ನಿನ್ನ ಬೆನ್ನಿನ ಮ್ಯಾಲೆ ಐತಿ. ರಾತ್ರಿ ಬೆನ್ನಿಗೆ ಎಣ್ಣಿ ಹಚ್ಚಾಕಿ ನಾನ. ನಂಗ ಗೊತ್ತಿಲ್ಲೇನು?" ಅರೀಜ್ ದನಿ ತಗ್ಗಿಸಿದಳು. "ನಾವು ಕೇಳೂದು ಒಂದ, ಯಮ್ಮಾ. ಬಾಂಬಿನ ಸಾಮಾನು ಮಾಡೂ ಕಂಪನಿಯಾಗ ಈ ಕಾಲೇಜು ರೊಕ್ಕ ಹಾಕೇತಿ. ಅದನ್ನ ತಗೀರಿ ಅಂತ. ಬ್ಯಾರೆ ಏನೂ ಬ್ಯಾಡ. ದೊಡ್ಡವ್ವನ ಮನಿ ಮ್ಯಾಲೆ ಬಿದ್ದದ್ದು ಯಾರು ಮಾಡಿದ್ದು ಅಂತ..."

"ದೊಡ್ಡವ್ವನ ಹೆಸರು ಎತ್ತಬ್ಯಾಡ!"

ನೇಯೋಮಿ ತಿರುಗಿ ನೋಡಿದಳು. ತಾಯಿ ಮಗಳು ಇಬ್ಬರೂ ನೆಲ ನೋಡಿದರು.

ಏಪ್ರನ್ನಿನ ಜೇಬಿನಲ್ಲಿ ರಸ್ಮಿಯಾಳ ಫೋನಿತ್ತು. ಊರಲ್ಲೇ ಉಳಿದಿದ್ದ ಅಕ್ಕ ವಸ್ಫಿಯಾಳಿಗೆ ಅವಳು ದಿನಾ ಬೆಳಿಗ್ಗೆ ಒಂದು ಸಾಲು ಬರೆಯುತ್ತಿದ್ದಳು: ಇವತ್ತೇನು ಅಡಿಗೆ ಮಾಡಿದಿ? ಚಳಿಗಾಲದಿಂದ ಯಾವ ಸಾಲಿನ ಪಕ್ಕದಲ್ಲೂ, ತಲುಪಿತು ಎನ್ನುವ ಎರಡನೆಯ ಗೀಟು ಮೂಡಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ. ಅರೀಜಳಿಗೆ ಗೊತ್ತಿತ್ತು. ಗೊತ್ತಿದೆ ಎಂಬುದು ರಸ್ಮಿಯಾಗೂ ಗೊತ್ತಿತ್ತು. ಮನೆಯಲ್ಲಿ ಆ ಮಾತಿನ ಸುತ್ತ ಇಬ್ಬರೂ, ನಡುಮನೆಯಲ್ಲಿ ಮಲಗಿರುವವರನ್ನು ಬಳಸಿ ನಡೆಯುವಂತೆ, ಸದ್ದಿಲ್ಲದೆ ಓಡಾಡಿಕೊಂಡಿದ್ದರು.

"ಆಕಿ ಇದ್ದಿದ್ರ ಇದನ್ನ ಅಂತಿದ್ಲು," ಎಂದಳು ರಸ್ಮಿಯಾ. "ಮೊದಲ ಕಲಿ, ಆಮ್ಯಾಲೆ ಜಗಳಾಡು ಅಂತ."

‘ಇದ್ದಿದ್ರ’ ಅಂದದ್ದು ಅಂದ ಮೇಲೆ ಅವಳಿಗೆ ಕೇಳಿಸಿತು. ಮಗಳು ತಾಯಿಯ ಕೈ ಹಿಡಿದು, ಸಾಬೂನಿಗೆ ಬಿಳಿಚಿ ಸುಕ್ಕಾದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಆತು. ನಾ ಬಾಯಿ ಬಿಡೂದಿಲ್ಲ. ನಿನ್ನಾಣಿ."

ನಿರಾಳ ಅನಿಸಬೇಕಿತ್ತು. ಹಂಡೆಯ ತಳದಲ್ಲಿ ಉಜ್ಜಿದರೂ ಬಿಡದ ಕರಿಯಂತೆ ಏನೋ ಒಳಗೇ ಉಳಿಯಿತು.

ಸಭೆಯ ಕೋಣೆಯ ಗೋಡೆಗಳ ತುಂಬ ಸತ್ತ ಯಜಮಾನರ ಚಿತ್ರಗಳಿದ್ದವು, ಅವುಗಳ ಕೆಳಗೆ ಬದುಕಿರುವ ಟ್ರಸ್ಟಿಗಳು. ಕಿಟಕಿಯಾಚೆ ಹುಲ್ಲಿನ ಮೇಲಿಂದ ಹುಡುಗರ ಕೂಗು ಗಾಜಿಗೆ ತಾಗಿ ಮೊಂಡಾಗಿ ಒಳಬರುತ್ತಿತ್ತು. ಮೇಜಿನ ಕೊನೆಯಲ್ಲಿ ಎರಡು ಕುರ್ಚಿ ಹಾಕಿ ನೇಯೋಮಿಯನ್ನೂ ಅರೀಜಳನ್ನೂ ಕೂರಿಸಿದ್ದರು. ಬಾಗಿಲ ಬಳಿ ಕಾವಲುಗಾರನ ಪಕ್ಕ ಲೊಂಬಾರ್ಡಿ ಕೈಕಟ್ಟಿ ನಿಂತಿದ್ದ. ರಸ್ಮಿಯಾ ಕಾಫಿ ಪಾತ್ರೆಯೂ ಬಟ್ಟಲುಗಳೂ ಇದ್ದ ತಟ್ಟೆ ಹಿಡಿದು ಮೇಜಿನ ಸುತ್ತ ಹಂಚುತ್ತ ನಡೆದಳು. ಬಟ್ಟಲುಗಳು ತಟ್ಟೆಯಲ್ಲಿ ಕಿಣಿಕಿಣಿ ಅನ್ನುತ್ತಿದ್ದವು.

ನೇಯೋಮಿ ಓದಿದಳು. ಹಾಳೆ ಅರ್ಧ ಮುಗಿಯುವ ಮೊದಲೇ ಅಧ್ಯಕ್ಷ ವಿಟ್‌ಲಾಕ್ ಬಿಳಿಯ ಅಂಗೈ ಎತ್ತಿದ.

"ಸಾಕಮ್ಮ, ಅರ್ಥ ಆಯ್ತು. ಚೆನ್ನಾಗಿ ಬರ್ದಿದ್ದೀಯ. ನಿನ್ನ ವಯಸ್ಸಲ್ಲಿ ನಾವೂ ಗುಡಾರ ಹಾಕ್ದವ್ರೇ." ಟ್ರಸ್ಟಿಗಳು ಮುಗುಳ್ನಕ್ಕರು. "ಆದ್ರೆ ಕಾಲೇಜಿನ ನಿಧಿ ಅನ್ನೋದು ಅಳೋದಿಲ್ಲ, ನಗೋದಿಲ್ಲ. ಬೆಳೀತದೆ, ಅಷ್ಟೆ. ಅದು ಬೆಳೆದದ್ದಕ್ಕೇ ಕೆಲವ್ರು ಇಲ್ಲಿ ಪುಕ್ಕಟೆ ಓದ್ತಿರೋದು."

ಅವನ ಕಣ್ಣು ಅರೀಜಳ ಮೇಲೆ ನಿಂತಿತು. ಕೋಣೆಯಲ್ಲಿ ಇದ್ದವರೆಲ್ಲರ ನೋಟವೂ ಆ ಕಣ್ಣಿನ ಹಿಂದೆಯೇ ಹೋಯಿತು. ಅರೀಜಳ ಕಿವಿ ಕೆಂಪಾಯಿತು. ಕೊಟ್ಟ ಮಾತಿನಂತೆ ತುಟಿ ಬಿಚ್ಚಲಿಲ್ಲ.

"ಆಯ್ತು. ಒಂದು ಸಮಿತಿ ಮಾಡೋಣ, ಮುಂದಿನ ವರ್ಷ ನೋಡೋಣ. ರೋಸಿ, ಮಕ್ಕಳಿಗೂ ಕಾಫಿ ಕೊಡು. ಕುಡಿದು ಖುಷಿಯಾಗಿ ಹೋಗ್ಲಿ. ಮುಂದಿನ ವಿಷಯ, ಟೆನಿಸ್ ಅಂಗಳದ ಬೇಲಿ."

ರಸ್ಮಿಯಾ ನೇಯೋಮಿಗೆ ಕೊಟ್ಟಳು. ಅರೀಜಳಿಗೆ ಕೊಟ್ಟಳು. ಅರೀಜ್ ಬಲಗೈಯಲ್ಲಿ ಬಟ್ಟಲು ತೆಗೆದುಕೊಂಡು, ತಾಯಿಯ ಕಣ್ಣು ನೋಡಿ, ಅದನ್ನು ಮೇಜಿನ ಮೇಲೆ ತನ್ನ ಮುಂದೆ ಇಟ್ಟಳು. ಕೈಗಳನ್ನು ಮಡಿಲಿಗೆ ಎಳೆದುಕೊಂಡು ನೆಟ್ಟಗೆ ಕೂತಳು. ಪಕ್ಕದ ನೇಯೋಮಿ ಬಟ್ಟಲನ್ನು ತುಟಿಯವರೆಗೂ ತಂದಿದ್ದವಳು ಗೆಳತಿಯನ್ನು ನೋಡಿ ಹಾಗೇ ಕೆಳಗಿಟ್ಟಳು.

ಬೇಲಿಯ ಮಾತು ಶುರುವಾಗಿ ನಿಂತಿತು. ಇಬ್ಬರೂ ಏಳಲಿಲ್ಲ.

"ಕುಡೀರಮ್ಮ, ಕುಡ್ದು ಹೊರಡಿ," ಎಂದ ವಿಟ್‌ಲಾಕ್. ಯಾರೂ ಅಲುಗಲಿಲ್ಲ. ಅವನು ಸುತ್ತ ನೋಡಿ ನಕ್ಕ. "ಏನ್ ರೋಸಿ, ನಿನ್ನ ಕಾಫಿ ನಿನ್ನ ಮಗಳಿಗೇ ಸೇರಲ್ವಲ್ಲ? ನಮಗೆ ಮಾತ್ರ ಕುಡಿಸ್ತೀಯಾ?"

ನಗೆ ಮೇಜಿನ ಸುತ್ತ ಒಂದು ಸುತ್ತು ಬಂತು. ಲೊಂಬಾರ್ಡಿ ಹಿಂದಿನಿಂದ ಬಂದು ಅವಳ ಕಿವಿಯ ಹತ್ತಿರ ಹಲ್ಲು ಕಡಿದ. "ಎತ್ತೇ ಆ ಬಟ್ಟಲು. ಅವಳನ್ನ ಎಳ್ಕೊಂಡು ಹೊರಗೆ ನಡಿ. ಈಗ್ಲೇ."

ರಸ್ಮಿಯಾಳ ಕೈ ಬಟ್ಟಲಿನವರೆಗೆ ಹೋಯಿತು. ಬಿಸಿ ಬೆರಳಿಗೆ ತಾಗಿತು. ಎತ್ತಿದರೆ ಮುಗಿಯಿತು, ನಾಳೆ ಹಂಡೆ ಇರುತ್ತದೆ, ಪರೀಕ್ಷೆ ಇರುತ್ತದೆ, ಬೆಳಿಗ್ಗೆ ಅಕ್ಕನಿಗೆ ಬರೆಯುವ ಒಂದು ಸಾಲೂ ಇರುತ್ತದೆ. ಮಗಳು ತಡೆಯಲಿಲ್ಲ. ತಾಯಿಯ ಬೆರಳುಗಳನ್ನೇ ನೋಡುತ್ತಿದ್ದಳು.

ರಸ್ಮಿಯಾ ಕೈ ಹಿಂದೆ ತೆಗೆದಳು.

"ಸೇರೂದಿಲ್ಲ ಅಂತಲ್ರಿ, ಸಾಹೇಬ್ರ," ಎಂದಳು. ಆ ಕೋಣೆಯಲ್ಲಿ ತನ್ನ ದನಿ ಹೇಗಿದೆಯೆಂದು ಅವಳಿಗೇ ಮೊದಲ ಬಾರಿ ಕೇಳಿಸಿತು. "ಆಕಿ ಏನೋ ಕೇಳಾಕ ಬಂದಾಳ್ರಿ. ನೀವಿನ್ನೂ ಕೊಟ್ಟಿಲ್ಲ."

"ರೋಸಿ!" ಲೊಂಬಾರ್ಡಿ ತೋಳು ಹಿಡಿದ. ಅವಳು ಕೊಡವಿಕೊಂಡಳು. ತಟ್ಟೆಯಲ್ಲಿ ಒಂದು ಬಟ್ಟಲು ಉಳಿದಿತ್ತು. ಪಾತ್ರೆ ಬಗ್ಗಿಸಿ ತುಂಬಿದಳು, ಒಂದು ಹನಿಯೂ ಚೆಲ್ಲಲಿಲ್ಲ. ಗೋಡೆಯ ಬದಿಯ ಕುರ್ಚಿಯನ್ನು ದರದರ ಎಳೆದುತಂದು ಮಗಳ ಪಕ್ಕದಲ್ಲಿ ಹಾಕಿಕೊಂಡು, ಆ ಮೇಜಿಗೆ ಕೂತಳು. ಬಟ್ಟಲನ್ನು ತನ್ನ ಮುಂದೆ ಇಟ್ಟುಕೊಂಡಳು. ಕುಡಿಯಲಿಲ್ಲ.

ಲೊಂಬಾರ್ಡಿ ಕಾವಲುಗಾರನ ಕಡೆ ನೋಡಿದ. ಕಾವಲುಗಾರ ವಿಟ್‌ಲಾಕ್‌ನ ಕಡೆ ನೋಡಿದ. ವಿಟ್‌ಲಾಕ್ ತನ್ನ ಖಾಲಿ ಬಟ್ಟಲಿನೊಳಗೆ ನೋಡುತ್ತಿದ್ದ. ಆವಿ ಮೊದಲು ಅರೀಜಳ ಬಟ್ಟಲಿನಲ್ಲಿ ನಿಂತಿತು, ಆಮೇಲೆ ನೇಯೋಮಿಯದರಲ್ಲಿ, ಆಮೇಲೆ ತನ್ನದರಲ್ಲಿ.

ಕಾಫಿ ಆರುತ್ತಿತ್ತು. ಎಲ್ಲರೂ ನೋಡುತ್ತಿದ್ದರು.