ಸೀರೆಯ ಬೆನ್ನು

ಹೋದ ತಿಂಗಳು ನೋಡಿದ ದೆವ್ವದ ಸಿನಿಮಾದಲ್ಲಿ ದೆವ್ವ ಇಸ್ತ್ರಿ ಮಾಡಿದ ಸೀರೆ ಉಟ್ಟಿತ್ತು. ನಲವತ್ತು ವರ್ಷದ ಹಿಂದೆ ಬಾವಿಗೆ ಬಿದ್ದು ಸತ್ತ ಹೆಂಗಸಂತೆ. ಎದ್ದು ಬಂದಾಗ ಸೀರೆಯ ಮಡಿಕೆ ಬೆರಳು ಕುಯ್ಯುವ ಹಾಗಿತ್ತು. ಥಿಯೇಟರಿನಲ್ಲಿ ಎಲ್ಲರೂ ಕಿರುಚಿದರು. ನಾನು ಎದ್ದು ಬೀಡಿ ಸೇದಲು ಹೊರಗೆ ಹೋದೆ.

ನಾನು ವಿಶ್ವನಾಥನ್. ಸೇಲಂನಲ್ಲಿ ರೇಷ್ಮೆ ಸೀರೆ ನೇಯುತ್ತೇನೆ. ಕಂಬೈನಲ್ಲೂರಿನ ಹತ್ತಿರ ಹಳ್ಳಿ ಶಾಲೆಯಲ್ಲಿ ಎಂಟನೇ ಕ್ಲಾಸು ಮುಗಿಸಿ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಗುಂಡಿಗೆ ಇಳಿದವನು, ಸಿನಿಮಾಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮೇಲೆ ಬಂದಿಲ್ಲ. ವಾರಕ್ಕೊಂದು ನೋಡಲೇಬೇಕು. ನೋಡಿ ಬೈಯಲೇಬೇಕು. ನಮ್ಮ ಬೀದಿಯವರು ನನ್ನನ್ನು ಕೇಳಿಯೇ ಟಿಕೆಟ್ ತೆಗೆಯುತ್ತಾರೆ. ಬೇಡ ಅಂದರೂ ಹೋಗಿ ನೋಡುತ್ತಾರೆ, ಅದು ಅವರ ಕರ್ಮ.

ರಾಜನ ಸಿನಿಮಾ ಒಂದು ಬಂತು. ಸಾವಿರ ವರ್ಷ ಹಿಂದಿನ ಕಥೆ, ಆನೆ, ಕುದುರೆ, ಬೆಂಕಿ. ರಾಜನ ಪಂಚೆಯ ಅಂಚು ನೇಯ್ದದ್ದಲ್ಲ, ಅಚ್ಚು ಒತ್ತಿದ್ದು. ಅವನು ಕೈ ಎತ್ತಿ ಭಾಷಣ ಮಾಡುವಾಗ ಅಂಚಿನ ಬಣ್ಣ ಹೊಟ್ಟೆಗೆ ಮೆತ್ತಿಕೊಂಡಿತ್ತು. ಪ್ರೇಮದ ಸಿನಿಮಾದಲ್ಲಿ ಹುಡುಗಿ ಕೆಂಪು ಸೀರೆಯಲ್ಲಿ ಅರ್ಧ ಗಂಟೆ ಮಳೆಯಲ್ಲಿ ನಿಂತು ಅತ್ತಳು. ಅಂಥ ಅಗ್ಗದ ಕೆಂಪು ಎರಡು ಹನಿ ಬಿದ್ದರೆ ಕಾಲಿನವರೆಗೂ ಇಳಿಯುತ್ತದೆ. ಇಳಿಯಲಿಲ್ಲ. ಬಣ್ಣವೇ ಸುಳ್ಳು ಹೇಳಿದ ಮೇಲೆ ಆ ಹುಡುಗಿಯ ಕಣ್ಣೀರನ್ನು ನಾನು ಯಾಕೆ ನಂಬಲಿ? ಪೊಲೀಸ್ ಸಿನಿಮಾದಲ್ಲಿ ಹೀರೋ ಬೈಕಿನಲ್ಲಿ ಡಿಕ್ಕಿ ಹೊಡೆದು ಲಾರಿಯನ್ನೇ ಹಾರಿಸಿದ. ಪಕ್ಕದಲ್ಲಿ ನನ್ನ ಭಾವ ಸರವಣನ್ ಸೀಟಿ ಹೊಡೆದ. ಇಪ್ಪತ್ತೈದು ವರ್ಷದಿಂದ ಶಂಕಗಿರಿಯ ಲಾರಿ ಆಫೀಸಿನಲ್ಲಿ ಕೂತವನು, ಲೋಡಾದ ಲಾರಿಯ ತೂಕ ಗೊತ್ತಿರುವವನು. ನಾಚಿಕೆ ಅನ್ನುವುದು ಬೇಡವೇ.

ನನಗೆ ಹಿಡಿಸಿದ್ದು ಒಂದೇ ಸಿನಿಮಾ. ಚಿಕ್ಕಂದಿನಲ್ಲಿ ಟೆಂಟಿನಲ್ಲಿ ನೋಡಿದ್ದು, ಹೆಸರು ಮರೆತಿದೆ, ಕಥೆಯೂ ಮರೆತಿದೆ. ಅದರಲ್ಲಿ ಒಬ್ಬಳು ಬಡ ಹೆಂಗಸಿನ ಸೀರೆ ಹೆಗಲ ಮೇಲೆ ಹರಿದು, ಬೇರೆ ಬಣ್ಣದ ದಾರದಲ್ಲಿ ಹೊಲಿದಿತ್ತು. ಕೊಡ ಹೊರುವವಳ ಸೀರೆ ಹರಿಯುವುದು ಸರಿಯಾಗಿ ಅಲ್ಲೇ.

ಇದನ್ನು ನೂರು ಸಲ ಕೇಳಿದವಳು ನನ್ನ ಅಕ್ಕ ಕಲೈವಾಣಿಯ ಮಗಳು ಇಂದುಜಾ. ಶಾಲೆ ಬಿಟ್ಟ ಮೇಲೆ ನನ್ನ ಮಗ್ಗದ ಹತ್ತಿರ ನೆಲದ ಮೇಲೆ ಕೂತು ಲಾಳಿಗೆ ಬೇಕಾದ ನೂಲು ಸುತ್ತಿಕೊಡುತ್ತಿದ್ದಳು. ಬೆಳೆದು ಚೆನ್ನೈಗೆ ಹೋಗಿ, ಸಿನಿಮಾದವರಿಗೆ ಬಟ್ಟೆ ಆರಿಸುವ ಕೆಲಸಕ್ಕೆ ಸೇರಿದಳು. ಅವಳಪ್ಪ ಸರವಣನ್‌ಗೆ ಅದು ಒಂದು ಚೂರೂ ಇಷ್ಟವಿರಲಿಲ್ಲ. ಓಮಲೂರಿನಿಂದ ಒಂದು ಸಂಬಂಧ ಬಂದಿತ್ತು. ಕೊನೆಗೆ ಮಾತಾಯಿತು. ಅವಳ ಹೆಸರು ಬರುವ ಮೊದಲನೇ ಸಿನಿಮಾ ನೋಡುವುದು, ಬಟ್ಟೆ ಸರಿ ಇದ್ದರೆ ಚೆನ್ನೈ, ಇಲ್ಲದಿದ್ದರೆ ಓಮಲೂರು. ಸರಿಯೋ ಇಲ್ಲವೋ ಹೇಳುವವನು ನಾನು. ನಮ್ಮಲ್ಲಿ ಹೆಣ್ಣುಮಗಳ ವಿಷಯದಲ್ಲಿ ಸೋದರಮಾವನ ಬಾಯಿಂದ ಬರದೆ ಯಾವ ಮಾತೂ ಗಟ್ಟಿಯಾಗುವುದಿಲ್ಲ.

ಶನಿವಾರ ಮಧ್ಯಾಹ್ನದ ಆಟಕ್ಕೆ ನಾಲ್ಕು ಜನ ಹೋದೆವು. ನೇಕಾರರ ಮನೆಯ ಕಥೆಯಂತೆ. ಹೀರೋ ಮಗ್ಗದ ಮುಂದೆ ಕೂತು ಹಾಡುತ್ತ ಲಾಳಿ ಎಸೆದ, ಕಾಲ ಕೆಳಗಿನ ಹಲಗೆಯನ್ನು ಒಂದು ಸಲವೂ ತುಳಿಯಲಿಲ್ಲ. ಹಲಗೆ ತುಳಿಯದೆ ಹಾಸಿನ ನೂಲು ಬಾಯಿ ತೆರೆಯುವುದಿಲ್ಲ, ಲಾಳಿ ಹೋಗುವುದೆಲ್ಲಿಗೆ? ಆದರೂ ಅವನು ಒಂದು ಹಾಡಿಗೆ ಒಂದು ಸೀರೆ ಮುಗಿಸಿದ. ನಾನು ಹಲ್ಲು ಕಡಿದು ಕೂತಿದ್ದೆ. ಅದು ಇಂದುಜಾಳ ತಪ್ಪಲ್ಲ.

ಕೊನೆಯಲ್ಲಿ ಅಜ್ಜಿ ಪೆಟ್ಟಿಗೆ ತೆರೆದು, ತನ್ನ ಗಂಡ ಕೈಯಾರೆ ನೇಯ್ದ ಸೀರೆ ಅಂತ ಮೊಮ್ಮಗಳಿಗೆ ಉಡಿಸಿದಳು. ಹಸಿರು ಸೀರೆ, ಅರಗಿನ ಬಣ್ಣದ ಅಂಚು, ಅಂಚಿನ ತುಂಬ ಹಕ್ಕಿಗಳು, ಎಲ್ಲರೂ ನಕಲು ಹೊಡೆಯುವ ಮಾದರಿ. ಪರದೆಯ ತುಂಬ ಥಳಥಳ. ನನಗೆ ತಡೆಯಲಾಗಲಿಲ್ಲ. ಇದು ಪವರ್‌ಲೂಮ್ ಸೀರೆ, ಯಾವನ ಕೈಯೂ ಮುಟ್ಟಿಲ್ಲ ಅಂತ ಗಟ್ಟಿಯಾಗಿ ಹೇಳಿಬಿಟ್ಟೆ. ಮುಂದಿನ ಎರಡು ಸಾಲಿನವರು ತಿರುಗಿ ನೋಡಿ ನಕ್ಕರು. ಸರವಣನ್ ನಗಲಿಲ್ಲ. ತಲೆ ಆಡಿಸಿದ. ಇಂದುಜಾ ಪರದೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

ಆಟ ಬಿಟ್ಟು ಅಕ್ಕನ ಮನೆಗೆ ಬಂದೆವು. ಅಕ್ಕ ಟೀ ಇಟ್ಟಳು. ಸರವಣನ್ ಫೋನು ಕೈಗೆ ತೆಗೆದುಕೊಂಡ.

"ನೀನೇ ಹೇಳ್ಬುಟ್ಟೆ. ಓಮಲೂರಿಗೆ ಪೇಸಿ ಮುಡಿಚ್ಚಿಡಲಾಮಾ?" ಅಂದ. ಮಾತಾಡಿ ಮುಗಿಸೋಣವೇ ಅಂತ. ಮನೆಮಾತು ಕನ್ನಡವೇ ಆದರೂ ಭಾವನಿಗೆ ಖುಷಿಯಾದರೆ ತಮಿಳು ಬರುತ್ತದೆ.

ಮುಗಿಸು ಅಂದೆ. ಸುಳ್ಳು ಸೀರೆಗೆ ಕೈಮಗ್ಗ ಅಂತ ಹೆಸರಿಡುವವಳು ನಮ್ಮ ಮನೆಯವಳೇ ಆದರೂ ನಾನು ಹೊಗಳಲಾರೆ.

ಇಂದುಜಾ ಒಳಗೆ ಹೋಗಿ ಚೀಲ ತಂದಳು. ಶೂಟಿಂಗ್ ಮುಗಿದ ಮೇಲೆ ಕೇಳಿ ತಂದಿಟ್ಟುಕೊಂಡಿದ್ದಳಂತೆ. ಆ ಹಸಿರು ಸೀರೆಯನ್ನು ನನ್ನ ತೊಡೆಯ ಮೇಲೆ ಹಾಕಿದಳು. ನೋಡಿದೆ. ಥಳಥಳ ಹಾಗೇ ಇತ್ತು. ನನ್ನ ಮಾತು ಹಾಗೇ ಐತೆ ಅಂದೆ.

"ತಿರುಗಿಸಿ ನೋಡು ಮಾಮ."

ತಿರುಗಿಸಿದೆ. ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಯಿತು. ಅಂಚಿನಲ್ಲಿ ನಾಲ್ಕು ನಾಲ್ಕು ಹಕ್ಕಿಗಳ ಸಾಲು, ಪ್ರತಿ ಸಾಲಿನ ನಾಲ್ಕನೇ ಹಕ್ಕಿಗೆ ಕಣ್ಣಿಲ್ಲ. ಹೋದ ಆಷಾಢದಲ್ಲಿ ನನ್ನ ಮಗ್ಗದ ಮೇಲೆ ಹಕ್ಕಿಯ ಚಿತ್ರ ಎತ್ತುವ ತೂತಿನ ರಟ್ಟಿನಲ್ಲಿ, ಅಂದರೆ ಅಟ್ಟೆಯಲ್ಲಿ, ಒಂದು ತೂತು ಹರಿದಿತ್ತು. ಹೊಸ ಅಟ್ಟೆ ಬರುವವರೆಗೆ ಅಂತ ನಾನೇ ಕಾಗದ ಅಂಟಿಸಿ ಮುಚ್ಚಿದ್ದೆ. ತೂತು ಮುಚ್ಚಿದರೆ ಅಲ್ಲಿ ನೂಲು ಏಳುವುದಿಲ್ಲ. ಮೂರು ಸೀರೆ ಹಾಗೇ ಹೋದವು. ಇದು ಅವುಗಳಲ್ಲಿ ಒಂದು.

ನಮ್ಮ ಮಗ್ಗದಲ್ಲಿ ಸೀರೆ ಬೋರಲಾಗಿ ಹುಟ್ಟುತ್ತದೆ. ಬೆನ್ನು ನನ್ನ ಕಡೆ, ಮುಖ ನೆಲದ ಕಡೆ. ಹದಿನೈದು ದಿನ ಅದರ ಬೆನ್ನು ನೋಡುತ್ತೇನೆ. ಮಗ್ಗದಿಂದ ಕೊಯ್ದ ದಿನವೇ, ಕೂಲಿಗೆ ನೇಯಿಸುವ ಮಾಲೀಕನ ಆಳು ಸುತ್ತಿಕೊಂಡು ಹೋಗುತ್ತಾನೆ. ನಮ್ಮ ಮನೆಯ ಹೆಂಗಸರು ಉಡುವುದು ಪವರ್‌ಲೂಮ್. ಹೆಂಗಸಿನ ಮೈಮೇಲೆ, ಬೆಳಕಿನಲ್ಲಿ, ಮುಖ ಮೇಲಾಗಿ ನಾನು ಮೂವತ್ತೆಂಟು ವರ್ಷ ನೋಡಿದ್ದು ಆ ಸೀರೆಗಳನ್ನೇ. ಥಳಥಳ ಅಂದರೆ ಪವರ್‌ಲೂಮ್ ಅಂದುಕೊಂಡಿದ್ದೆ.

ಚೆನ್ನೈನ ಅಂಗಡಿಯಲ್ಲಿ ಇನ್ನೂರು ಸೀರೆ ಹರವಿದ್ದರಂತೆ. ಇದನ್ನು ಹೇಗೆ ಹಿಡಿದೆ ಅಂತ ಕೇಳಿದೆ.

"ನೀನು ಮೇಲಿಂದ ನೋಡ್ತಿದ್ದೆ. ನಾನು ಕೆಳಗೆ ಕೂತು ನೂಲು ಸುತ್ತಾ ಇದ್ನಲ್ಲ, ನಂಗೆ ಯಾವಾಗ್ಲೂ ನಿನ್ನ ಸೀರೆ ಮುಖನೇ ಕಾಣ್ತಿತ್ತು" ಅಂದಳು.

ಅಕ್ಕ ಟೀ ಲೋಟ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಸರವಣನ್ ಅಷ್ಟರಲ್ಲಿ ನಂಬರ್ ಒತ್ತಿದ್ದ. ಆ ಕಡೆಯಿಂದ ಹಲೋ ಹಲೋ ಅನ್ನುತ್ತಿದ್ದರು. ಏನು ಹೇಳಲಿ ಅಂತ ನನ್ನ ಮುಖ ನೋಡಿದ.

"ಹುಡುಗಿಗೆ ಕೆಲಸ ಐತೆ ಅಂತ ಹೇಳು."

ಅವನು ಬೈದುಕೊಳ್ಳುತ್ತ ಫೋನು ಹಿಡಿದು ಹೊರಗೆ ಹೋದ. ಥಿಯೇಟರಿನಲ್ಲಿ ಎಲ್ಲರ ಮುಂದೆ ಅಂದದ್ದನ್ನು ಮನೆಯಲ್ಲಿ ಮೂರು ಜನರ ಮುಂದೆ ನುಂಗಿದೆ. ಆ ಎರಡು ಸಾಲಿನವರು ಈಗಲೂ ಅದನ್ನು ಪವರ್‌ಲೂಮ್ ಅಂದುಕೊಂಡೇ ಇರುತ್ತಾರೆ. ಅವರನ್ನು ಎಲ್ಲಿ ಹುಡುಕಲಿ.

ಇಂದುಜಾ ಸೀರೆ ಮಡಿಸಲು ಕೈ ಚಾಚಿದಳು. ಇರು ಅಂದೆ. ಸೀರೆ ಒಳ್ಳೆಯದು, ಸಿನಿಮಾ ಕಸ ಅಂದೆ. ಆ ಹೀರೋ ಎಲ್ಲಾದರೂ ಸಿಕ್ಕಿದರೆ ನಮ್ಮ ಗುಂಡಿಗೆ ಕರೆದುಕೊಂಡು ಬಾ, ಹಲಗೆ ತುಳಿಯುವುದು ತೋರಿಸುತ್ತೇನೆ ಅಂದೆ. ಆಮೇಲೆ ಅಕ್ಕನನ್ನು ಕರೆದು, ಬಾಗಿಲ ಬೆಳಕಿನಲ್ಲಿ ನಿಲ್ಲಿಸಿ, ಆ ಸೀರೆಯ ಸೆರಗನ್ನು ಅವಳ ಹೆಗಲ ಮೇಲೆ ಹಾಕಿಸಿ ನೋಡಿದೆ. ಮುಖ ಮೇಲಾಗಿ.